ಎರಡು ತೋಳು

ಟೇಪು ಎಳೀಬೇಡ, ಅಂದಳು ಗೆನೊವೆಫಾ
ಮೊದಲ ದಿನವೇ, ನನ್ನ ಮುಖ ಸರಿಯಾಗಿ ನೋಡುವ ಮುಂಚೆ.
ಮೂವತ್ತೊಂದು ವರ್ಷ ವೂಚ್ ಊರಿನ ಕಾರ್ಖಾನೆಯಲ್ಲಿ
ಕೋಟುಗಳಿಗೆ ತೋಳು ಕೂರಿಸಿದವಳು.
ಎಳೆದರೆ ಮೈ ಸುಳ್ಳು ಹೇಳುತ್ತೆ, ಕಾಲಿನಾ,
ಸಡಿಲ ಬಿಟ್ಟರೆ ಟೇಪು.

ನನ್ನ ಪುಸ್ತಕದಲ್ಲೂ ಅದೇ ಇತ್ತು,
ಮೂರು ಪುಟ.

ಮಣಿಕಟ್ಟಿನಿಂದ ಶುರು. ನಾಲ್ಕು ಸೆಂಟಿಮೀಟರಿಗೊಂದು ನೀಲಿ ಗೆರೆ,
ಕಂಕುಳ ಹತ್ತಿರದ ತನಕ.
ಹದಿನೇಳೂವರೆ. ಹತ್ತೊಂಬತ್ತು. ಇಪ್ಪತ್ತೆರಡೂ ಕಾಲು.
ನಾನು ಹೇಳುತ್ತೇನೆ, ಅವಳು ತುಟಿಯಲ್ಲೇ ಮತ್ತೆ ಹೇಳಿಕೊಳ್ಳುತ್ತಾಳೆ,
ಕತ್ತರಿ ಹಿಡಿದವಳ ಚಾಳಿ.
ನನ್ನನ್ನ ಕತ್ತರಿಸಿದವರೂ ಹೀಗೇ ಗೆರೆ ಎಳೆದಿದ್ದರು,
ಅಂದಳು, ನೀಲಿಯಲ್ಲೇ.

ಬಟ್ಟೆಗೆ ಮೊಳ, ಕಾಳಿಗೆ ಪಾವು.
ಬಟ್ಟೆ ಅಳೆದ ಕೈಯನ್ನೇ ಈಗ ಪಾವಿಗೆ ಹಾಕಬೇಕು:
ಗೆರೆಯಿಂದ ಗೆರೆಗೆ ಒಂದೊಂದು ತುದಿ ಮುರಿದ ಶಂಕು,
ಹೂಕುಂಡಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ,
ಎಲ್ಲ ಕೂಡಿ ಒಂದು ತೋಳು.
ಬಲಗಡೆ ಎರಡು ಸಾವಿರದ ನಾನೂರ ಹತ್ತು.
ಎಡಗಡೆ, ಸ್ತನ ಹೋದ ಕಡೆ,
ಎರಡು ಸಾವಿರದ ಒಂಬೈನೂರ ಐವತ್ತು.

ಏನದು?
ಮಿಲಿಲೀಟರು. ಐನೂರ ನಲವತ್ತು ಹೆಚ್ಚು.
ಅಂದರೆ ಎರಡು ಲೋಟ ಚಹಾ ಹೊತ್ತು ತಿರುಗ್ತಿದೀನಿ,
ಅದೂ ಸಕ್ಕರೆ ಇಲ್ಲದ್ದು.
ನಂಬಲಿಲ್ಲ ಮಾತ್ರ.
ಕೋಟು ಕಾಗದದ ಮೇಲೆ ಕೂರಲ್ಲ, ಮೈಮೇಲೆ ಕೂರತ್ತೆ.
ನೀರು ಇದ್ದರೆ ನೀರು ತೋರಿಸು.

ಅಳೆದೂ ಸುರಿದೂ ಕೊನೆಗೆ ಉಗ್ರಾಣದಿಂದ
ಹಳೇ ತೊಟ್ಟಿ ತಂದೆ; ಈಗ ಯಾರೂ ಬಳಸುವುದಿಲ್ಲ,
ತೊಳೆಯಲಿಕ್ಕೇ ಅರ್ಧ ದಿನ.
ಉಗುರು ಬೆಚ್ಚನೆ ನೀರು, ಮೂತಿಯ ತನಕ.
ಅವಳು ಬಲಗೈ ಇಳಿಸಿದಳು, ಬಾವಿಗೆ ಬಿದ್ದ ತಂಬಿಗೆ
ತಡಕುವ ಹಾಗೆ, ನಿಧಾನ.
ಮೂತಿಯಿಂದ ನೀರು ಜಗ್ಗಿಗೆ. ತೊಟ್ಟಿ ತುಂಬಿ ಮತ್ತೆ ಎಡಗೈ, ಬೇರೆ ಜಗ್ಗು.
ಇಬ್ಬರೂ ಕಾದೆವು,
ಕೊನೆಯ ಹನಿ ಬೀಳಲೋ ಬೇಡವೋ ಎಂದು ತೂಗುತ್ತಿದ್ದಾಗ
ಹೊರಗೆ ಟ್ರಾಮು ಹೋಯಿತು, ನೀರು ನಡುಗಿತು, ಬಿತ್ತು.

ಎರಡು ಜಗ್ಗು ಕಿಟಕಿಯ ಬೆಳಕಿಗೆ.
ತುಂಬ ಹೊತ್ತು ನೋಡಿದಳು.
ಇಷ್ಟೇನಾ, ಅಂದಳು.
ರಾತ್ರಿ ಇದು ಇಷ್ಟಿರಲ್ಲ.

ಆ ಮಾತಿಗೆ ನನ್ನ ನಮೂನೆಯಲ್ಲಿ ಅಂಕಣವಿಲ್ಲ.

ಆಮೇಲೆ ಪಟ್ಟಿ ಸುತ್ತುವ ದಿನಗಳು. ಹತ್ತಿ, ಫೋಮು, ಮತ್ತೆ ಪಟ್ಟಿ,
ಬೆರಳಿಂದ ಭುಜಕ್ಕೆ.
ನಾಲ್ಕುನೂರ ಅರವತ್ತು. ಮುನ್ನೂರ ತೊಂಬತ್ತು. ಮುನ್ನೂರ ಹತ್ತು.
ಒಂದು ಸೋಮವಾರ ದಿಢೀರನೆ ನಾಲ್ಕುನೂರ ಐದು.
ನಾನು ಸುಮ್ಮನೆ ಮತ್ತೊಮ್ಮೆ ಅಳೆದೆ.
ಹೇಳಿಬಿಡ್ತಾ ಚಾಡಿಕೋರ, ಅಂದಳು ಟೇಪು ನೋಡಿ.
ಶನಿವಾರ ಪಟ್ಟಿ ಬಿಚ್ಚಿದ್ದಳಂತೆ, ಭಾನುವಾರ ಇಡೀ
ಹೊಲಿಗೆ ಯಂತ್ರದ ಮುಂದೆ;
ಎಡಗೈ ಬಟ್ಟೆ ಹಿಡಿಯುವ ಕೈ, ಪಟ್ಟಿ ಸುತ್ತಿದ ಬೆರಳಿಗೆ
ಉಣ್ಣೆಯ ಎಳೆ ಯಾವ ಕಡೆಗಿದೆ ತಿಳಿಯುವುದಿಲ್ಲ.

ಚೀಲದಿಂದ ಕೋಟು ತೆಗೆದಳು. ಬೂದು ಬಣ್ಣ, ಅವಳದೇ,
ನಾಲ್ಕು ಚಳಿಗಾಲದಿಂದ ಎಡತೋಳು ಹಿಡಿಸದೆ ಮೊಳೆಗೆ ನೇತಾಡಿದ್ದು.
ಕಂಕುಳಿಂದ ಮೊಣಕೈವರೆಗೆ ಹೊಲಿಗೆ ಬಿಚ್ಚಿ
ಒಳಗೊಂದು ಉದ್ದನೆಯ ತ್ರಿಕೋನ ಸೇರಿಸಿದ್ದಾಳೆ,
ಬಣ್ಣ ಒಂದು ಕೂದಲಷ್ಟು ಬೇರೆ.
ಇನ್ನೂ ಕಚ್ಚಾ ಹೊಲಿಗೆ, ಬಿಳಿ ದಾರ.

ಹೇಳು ಈಗ, ಅಂದಳು, ಲೆಕ್ಕದವಳು ನೀನು.
ಪೂರ್ತಿ ಇಳಿಯತ್ತಾ, ಮತ್ತೆ ಏರತ್ತಾ?
ಒಳಗೆ ಬಟ್ಟೆ ಎಷ್ಟು ಬಿಡಲಿ?

ನಾನು ತೆರೆಯ ಮೇಲಿನ ಗೀಟು ನೋಡಿದೆ,
ಇಳಿದು, ಸೋಮವಾರ ಎದ್ದು, ಅಲ್ಲೇ ನಿಂತದ್ದು.
ಬಿಂದುವಿನ ನಂತರ ಎರಡು ಅಂಕಿ ಬರೆಯಲು ಕಲಿತ ನಾನು
ಕೋಟಿನ ಅಂಚು ಹಿಡಿದು ಹೇಳಿದೆ:
ಎರಡು ಬೆರಳು.

ಯಾರ ಬೆರಳು, ಅಂದಳು.